ಜಾರಿ ಬೀಳುವ ಸುಲಭೋಪಾಯ

ಅರವತ್ತು ದಾಟಿದ್ದೀರಿ. ಇಷ್ಟು ವರ್ಷ ನೆಟ್ಟಗೆ ನಿಂತಿದ್ದು ಸಾಕು, ಇನ್ನು ಬೀಳುವುದನ್ನು ಕಲಿಯಿರಿ. ಬೀಳುವುದಕ್ಕೆ ಕಲಿಯುವುದೇನು ಬಂತು ಎಂದು ಉದಾಸೀನ ಮಾಡಬೇಡಿ. ಮೈ ಅಷ್ಟು ಸುಲಭಕ್ಕೆ ಬೀಳಲು ಒಪ್ಪುವುದಿಲ್ಲ. ಕಣ್ಣು, ಒಳಕಿವಿ, ಅಂಗಾಲು, ಈ ಮೂರು ಕಡೆಯಿಂದಲೂ ಮಿದುಳಿಗೆ ಕ್ಷಣಕ್ಷಣವೂ ವರದಿ ಹೋಗುತ್ತಿರುತ್ತದೆ. ಒಂದು ತಪ್ಪು ಹೇಳಿದರೆ ಉಳಿದೆರಡು ತಿದ್ದುತ್ತವೆ. ಮಿದುಳು ಹುಕುಂ ಕೊಟ್ಟ ಕೂಡಲೇ ಕಾಲಿನ ಸ್ನಾಯುಗಳು ವಾಲಿದ ಮೈಯನ್ನು ಎಳೆದು ನಿಲ್ಲಿಸುತ್ತವೆ. ಇಷ್ಟು ಕಾವಲನ್ನು ದಾಟಿ ನೆಲ ಮುಟ್ಟಬೇಕಾದರೆ ತಯಾರಿ ಬೇಕು, ಮನೆಮಂದಿಯ ಸಹಕಾರ ಬೇಕು. ಎದೆಗುಂದಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ ಅರವತ್ತು ದಾಟಿದವರದೇ ಮೇಲುಗೈ. ಆಕಸ್ಮಿಕ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ ಸಿಕ್ಕಿದೆ. ಇಷ್ಟು ಜನರಿಗೆ ಸಾಧ್ಯವಾದದ್ದು ನಿಮಗೂ ಸಾಧ್ಯ.

ಕಾಲಿನಿಂದ ಶುರುಮಾಡಿ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯು ಶೇ 3ರಿಂದ 8ರಷ್ಟು ತಾನಾಗಿಯೇ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಅರ್ಧ ಕೆಲಸವನ್ನು ವಯಸ್ಸೇ ಮಾಡಿಕೊಟ್ಟಿದೆ, ಉಳಿದರ್ಧ ನೀವು ಮಾಡಿ. ಬೆಳಗ್ಗೆ ಎದ್ದು ಪ್ಲಾಸ್ಟಿಕ್ ಕುರ್ಚಿ ಹಿಡಿಯಿರಿ. ಕೂತಲ್ಲಿಗೇ ಕಾಫಿ ತರಿಸಿಕೊಳ್ಳಿ, ಪೇಪರು ತರಿಸಿಕೊಳ್ಳಿ, ರಿಮೋಟು ತರಿಸಿಕೊಳ್ಳಿ. ಮಧ್ಯಾಹ್ನ ಅನ್ನ, ತಿಳಿಸಾರು, ಮಜ್ಜಿಗೆ. ರಾತ್ರಿ ‘ಹೊಟ್ಟೆ ಭಾರ’ ಎಂದು ಹೇಳಿ ಎರಡು ಬಿಸ್ಕತ್ತು, ಅರ್ಧ ಲೋಟ ಹಾಲಿಗೆ ಮುಗಿಸಿ. ಬೇಳೆ, ಕಾಳು, ಮೊಟ್ಟೆಯನ್ನೆಲ್ಲ ಮೊಮ್ಮಕ್ಕಳಿಗೆ ಬಿಟ್ಟುಕೊಡಿ. ಅವರು ಬೆಳೆಯುವವರು, ನೀವು ಬೀಳುವವರು.

ನೆಲದ ಮೇಲೆ ಕೂತು ಏಳುವ ಹಳೆಯ ಅಭ್ಯಾಸವನ್ನು ಬಿಡಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೆಯುವುದು, ಇವನ್ನು ಹತ್ತಿರವೂ ಸೇರಿಸಬೇಡಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಇಂಥ ಸಣ್ಣಪುಟ್ಟ ವ್ಯಾಯಾಮಗಳನ್ನೇ ಹಿರಿಯರಿಗೆ ಮನೆಯಲ್ಲಿ ಮಾಡಿಸಿ, ಬೀಳುವವರ ಬೀಳುವಿಕೆಯನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿಬಿಟ್ಟರು. ಹೊರಗಿನವರ ಮಾತು ಹಾಗಿರಲಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಗೋಡೆ, ಕುರ್ಚಿ, ಹಗ್ಗ, ಬೆಲ್ಟುಗಳ ಆಸರೆ ಕೊಟ್ಟು ಮುದುಕರನ್ನೂ ಕಾಯಿಲೆಯವರನ್ನೂ ವೃಕ್ಷಾಸನದಲ್ಲಿ ನಿಲ್ಲಿಸಿದರು, ತೊಂಬತ್ತು ದಾಟಿದ ಮೇಲೂ ತಾವು ಅಭ್ಯಾಸ ಬಿಡಲಿಲ್ಲ. ಇಂಥ ಸಂಪ್ರದಾಯ ನಮ್ಮ ಪಕ್ಕದಲ್ಲೇ ಹುಟ್ಟಿದೆ, ಆದ್ದರಿಂದ ನೀವು ಹೆಚ್ಚು ಎಚ್ಚರದಿಂದಿರಬೇಕು. ಪಾರ್ಕಿಗೆ ಧಾರಾಳವಾಗಿ ಹೋಗಿ, ಆದರೆ ಬೆಂಚಿನವರೆಗೆ ಮಾತ್ರ.

ಎಂದಾದರೂ ಒಂದು ದಿನ ಸ್ವಲ್ಪ ಎಡವಿದರೆ ಅದನ್ನು ಸದುಪಯೋಗಪಡಿಸಿಕೊಳ್ಳಿ. ಹೆದರಿ ನಡೆಯುವುದನ್ನೇ ಬಿಡಿ. ಹೆದರಿ ಕೂತವರ ಕಾಲು ಇನ್ನಷ್ಟು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಎಡವುತ್ತದೆ, ಎಡವಿದವರು ಮತ್ತೆ ಹೆದರುತ್ತಾರೆ. ಇದು ಒಮ್ಮೆ ಶುರುವಾದರೆ ನೀವು ಬೇರೇನೂ ಮಾಡಬೇಕಾಗಿಲ್ಲ.

ಇನ್ನು ಮೂರು ವರದಿಗಾರರ ಬಾಯಿ ಮುಚ್ಚಿಸಿ. ಕಣ್ಣಿನ ಪೊರೆಗೆ ಆಪರೇಷನ್ ಎಂದರೆ ‘ಪೊರೆ ಇನ್ನೂ ಬಲಿಯಲಿ’ ಎನ್ನಿ. ಹಾಗೆ ಕಾಯಬೇಕಾದ ಕಾಲ ಹೋಗಿ ಎಷ್ಟೋ ವರ್ಷವಾಯಿತು ಎಂದು ಕಣ್ಣಿನ ಡಾಕ್ಟರು ಹೇಳುತ್ತಾರೆ, ಕೇಳಿಸಿಕೊಳ್ಳಬೇಡಿ. ಎರಡು ಭಾಗದ ಕನ್ನಡಕ ಹಾಕಿಕೊಂಡೇ ಮೆಟ್ಟಿಲು ಇಳಿಯಿರಿ. ಕೆಳಗೆ ನೋಡಿದಾಗ ಓದುವ ಗಾಜಿನಿಂದ ನೋಡುತ್ತೀರಿ, ಮೆಟ್ಟಿಲಿನ ಅಂಚು ಮಸುಕಾಗಿ ಕೊನೆಯ ಮೆಟ್ಟಿಲು ಮಾಯವಾಗುತ್ತದೆ.

ಒಳಕಿವಿಯಲ್ಲಿ ಕಾಲುವೆಯಂಥ ಮೂರು ಅರೆಸುತ್ತುಗಳಿವೆ, ಅದರ ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟಾಣಿ ಹರಳುಗಳಿವೆ. ಹರಳು ಕದಲಿ ಕಾಲುವೆಗೆ ಸೇರಿದರೆ ಮಗ್ಗುಲು ಬದಲಿಸಿದಾಗ ಮನೆಯೇ ಗಿರ್ರನೆ ತಿರುಗುತ್ತದೆ. ಬಲ್ಲ ಡಾಕ್ಟರು ತಲೆಯನ್ನು ಕ್ರಮವಾಗಿ ನಾಲ್ಕು ಭಂಗಿಗಳಲ್ಲಿ ತಿರುಗಿಸಿ, ಮಾತ್ರೆಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಹರಳನ್ನು ಕಾಲುವೆಯಿಂದ ಹೊರಗೆ ಸಾಗಿಸಬಲ್ಲರು. ಅದಕ್ಕೆ ಅವಕಾಶ ಕೊಡಬೇಡಿ. ಪಿತ್ತ ನೆತ್ತಿಗೇರಿದೆ ಎಂದು ತೀರ್ಮಾನಿಸಿ, ನಿಂಬೆರಸ ಕುಡಿದು, ತಿರುಗುವ ತಲೆಯನ್ನು ಹೊತ್ತುಕೊಂಡೇ ಓಡಾಡಿ.

ಅಂಗಾಲಿನ ವಿಷಯದಲ್ಲಿ ಸಕ್ಕರೆ ಕಾಯಿಲೆ ನಿಮ್ಮ ಆಪ್ತಮಿತ್ರ. ಅದನ್ನು ಹತೋಟಿಗೆ ತರದಿದ್ದರೆ ಪಾದದ ನರಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಚಪ್ಪಲಿ ಕಾಲಿನಿಂದ ಜಾರಿಹೋಗಿದ್ದು ಹತ್ತು ಹೆಜ್ಜೆ ನಡೆದ ಮೇಲೆ ತಿಳಿದರೆ ಯಾರಿಗೂ ಹೇಳಬೇಡಿ. ಶುದ್ಧ ಸಸ್ಯಾಹಾರಿಗಳಿಗೂ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಿಗೂ ಬಿ12 ಕೊರತೆಯಿಂದ ಇದೇ ಫಲ ಸಿಗುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗಿಬಿಡುವುದರಿಂದ ಲ್ಯಾಬಿನ ಕಡೆ ತಲೆಹಾಕಬೇಡಿ.

ಮಾತ್ರೆಗಳ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಬಹಳ ಜನ ಅವಕಾಶ ಕಳೆದುಕೊಳ್ಳುತ್ತಾರೆ. ಮೊದಲು ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ತೆಗೆದುಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಅದರಲ್ಲಿ ಸುರಿಯಿರಿ. ಸ್ಟ್ರಿಪ್ಪನ್ನು ಹೆಸರಿರುವ ಕಡೆಯಿಂದಲೇ ಕತ್ತರಿಸಿ, ಉಳಿದ ನಾಲ್ಕು ಮಾತ್ರೆ ಯಾವುದು ಎಂದು ಯಾರಿಗೂ ತಿಳಿಯಬಾರದು. ಹೃದಯದ ಡಾಕ್ಟರಿಗೆ ಸಕ್ಕರೆ ಡಾಕ್ಟರ ಚೀಟಿ ತೋರಿಸಬೇಡಿ, ಸಕ್ಕರೆ ಡಾಕ್ಟರಿಗೆ ಮೂಳೆ ಡಾಕ್ಟರ ಚೀಟಿ ತೋರಿಸಬೇಡಿ. ಆಗ ಒಂದೇ ಔಷಧ ಎರಡು ಹೆಸರಿನಲ್ಲಿ ಎರಡು ಸಲ ಹೊಟ್ಟೆ ಸೇರುತ್ತದೆ. ನಿದ್ದೆ ಬಾರದಿದ್ದರೆ ಪಕ್ಕದ ಮನೆಯವರಿಂದ ಅವರ ನಿದ್ದೆ ಮಾತ್ರೆ ಇಸಿದುಕೊಳ್ಳಿ. ಅವರಿಗೆ ‘ಚೆನ್ನಾಗಿ ಹಿಡಿದಿದೆ’ಯಲ್ಲ, ನಿಮಗೂ ಹಿಡಿಯುತ್ತದೆ. ಮೂತ್ರ ಹೋಗಿಸುವ ಮಾತ್ರೆಯನ್ನು ಬೆಳಗ್ಗೆ ನುಂಗಿ ಹಾಳುಮಾಡಬೇಡಿ. ರಾತ್ರಿ ಮಲಗುವ ಮುಂಚೆ, ನಿದ್ದೆ ಮಾತ್ರೆಯ ಜೊತೆಯಲ್ಲೇ ನುಂಗಿ. ಒಂದು ನಿಮ್ಮನ್ನು ಎಬ್ಬಿಸುತ್ತದೆ, ಇನ್ನೊಂದು ಎದ್ದವರನ್ನು ಬೀಳಿಸುತ್ತದೆ.

ಬಿಪಿ ನೋಡುವಾಗ ಕೂರಿಸಿ ನೋಡಿದರೆ ಸಾಕು. ಮಲಗಿಸಿ ಒಮ್ಮೆ, ಎದ್ದು ನಿಲ್ಲಿಸಿ ಮತ್ತೊಮ್ಮೆ ನೋಡಿ ಎಂದು ಕೇಳಬೇಡಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಅನುಮಾನ ಬಂದು, ಮಾತ್ರೆ ಕಡಿಮೆ ಮಾಡಿಬಿಡುವ ಅಪಾಯವಿದೆ. ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಕೂತು, ಪಾದ ಆಡಿಸಿ, ಒಂದು ನಿಮಿಷ ಕಳೆದು ಏಳುವವರು ಪುಕ್ಕಲರು. ನೀವು ಮಲಗಿದಲ್ಲಿಂದ ಒಂದೇ ಸಲಕ್ಕೆ ಎದ್ದು ನಿಲ್ಲಿ. ರಕ್ತ ಕಾಲಿನಲ್ಲೇ ಉಳಿದು, ತಲೆ ಮಾತ್ರ ಹೊರಡುತ್ತದೆ.

ಈಗ ಬಚ್ಚಲಿಗೆ ಬನ್ನಿ. ಬೀಳಲು ಇದಕ್ಕಿಂತ ಪ್ರಶಸ್ತ ಸ್ಥಳ ಮನೆಯಲ್ಲಿಲ್ಲ.

ನೆಲಕ್ಕೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿ. ಅಂಗಡಿಯವನು ಒರಟು ಟೈಲ್ಸ್ ತೋರಿಸಿದರೆ ‘ಕೊಳೆ ಕೂರುತ್ತೆ’ ಎಂದು ಪಕ್ಕಕ್ಕೆ ತಳ್ಳಿ. ಬಚ್ಚಲಿನ ನೆಲ ಹೊರಗಿಗಿಂತ ಮೂರು ನಾಲ್ಕು ಅಂಗುಲ ತಗ್ಗಿರಲಿ, ಎರಡೂ ಕಡೆ ಒಂದೇ ಬಣ್ಣವಿರಲಿ, ತಗ್ಗು ಶುರುವಾಗುವುದು ಎಲ್ಲಿ ಎನ್ನುವುದು ಕಾಲಿಗೇ ಮೊದಲು ತಿಳಿಯಲಿ. ಬಾಗಿಲ ಬಳಿ ಒಂದು ಕಾಲೊರಸು ಹಾಕಿ. ಅಡಿಯಲ್ಲಿ ರಬ್ಬರಿರುವುದು ಬೇಡ, ಹಳೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೇ ಶ್ರೇಷ್ಠ. ತೆಳ್ಳಗಾದ ಸೋಪಿನ ಚೂರನ್ನು ಎಸೆಯಬೇಡಿ, ನೆಲದ ಮೇಲೆಯೇ ಬಿಡಿ. ನರಕ ಚತುರ್ದಶಿಯ ದಿನ ತಲೆಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿ, ಒರೆಸಿಕೊಳ್ಳದೆ ನೇರ ಒಳಗೆ ಹೋಗಿ. ಎಣ್ಣೆ, ಸೀಗೆಪುಡಿ, ಬಿಸಿನೀರು ಮೂರೂ ಕೂಡಿದ ನೆಲದ ಮೇಲೆ ಪೈಲ್ವಾನರೂ ನಿಂತಿದ್ದಿಲ್ಲ.

ಸ್ನಾನಕ್ಕೆ ಕೂರುವಿರಾದರೆ ಒಂದು ಕಾಲು ಸವೆದ ಪ್ಲಾಸ್ಟಿಕ್ ಸ್ಟೂಲು ಇಡಿ. ಬಕೆಟ್ಟು ದೂರದ ಮೂಲೆಯಲ್ಲಿರಲಿ, ತುಂಬಿದ ಮೇಲೆ ಬಗ್ಗಿ ಎಳೆದುಕೊಳ್ಳಿ. ಏಳುವಾಗ ಹಿಡಿದುಕೊಳ್ಳಲು ಏನಿದೆ ಎಂದು ಕೇಳುತ್ತೀರಾ? ನಲ್ಲಿ ಇದೆ. ನಲ್ಲಿಯ ಮೇಲೆ ಇಡೀ ಮೈಭಾರ ಬಿಟ್ಟು ಏಳಿ. ನಲ್ಲಿ ಕೈಗೆ ಎಟುಕದಿದ್ದರೆ ಟವೆಲ್ ರಾಡು ಇದೆ. ಅದನ್ನು ಟೈಲ್ಸಿಗೆ ಹಿಡಿಸಿರುವುದು ಎರಡು ಚಿಕ್ಕ ಸ್ಕ್ರೂ, ಎರಡು ಪ್ಲಾಸ್ಟಿಕ್ ಬೂಚು. ಒದ್ದೆ ಟವೆಲಿನ ಭಾರ ಹೊರಲೆಂದು ಮಾಡಿದ್ದು. ನೀವು ಹಿಡಿದ ಕೂಡಲೇ ಒಂದು ಬೂಚು ಹೊರಬರುತ್ತದೆ, ರಾಡು ಅರ್ಧ ತಿರುಗುತ್ತದೆ, ನೀವು ಪೂರ್ತಿ ತಿರುಗುತ್ತೀರಿ. ಗೋಡೆಗೆ ಭದ್ರವಾದ ಉಕ್ಕಿನ ಹಿಡಿಕೆ ಹಾಕಿಸಬೇಡಿ. ಟೈಲ್ಸಿಗೆ ತೂತು ಬಿದ್ದರೆ ಮತ್ತೆ ಸರಿಹೋಗುವುದಿಲ್ಲ. ಸೊಂಟದ ಮೂಳೆಯಾದರೆ ಪ್ಲೇಟು ಹಾಕಿ ಸರಿಮಾಡುತ್ತಾರೆ.

ಒಳಗಿನಿಂದ ಚಿಲಕ ಹಾಕಿ, ಮೇಲಿನದನ್ನೂ ಕೆಳಗಿನದನ್ನೂ. ಮೊಬೈಲು ಹೊರಗೆ ಫ್ರಿಜ್ಜಿನ ಮೇಲಿರಲಿ. ಬಿದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ನೆಲದ ಮೇಲೆ ಬಿದ್ದಿದ್ದರೆ ಸ್ನಾಯು, ಮೂತ್ರಪಿಂಡ, ಚರ್ಮ ಎಲ್ಲಕ್ಕೂ ಪ್ರತ್ಯೇಕ ತೊಂದರೆ ಶುರುವಾಗುತ್ತದೆ. ಬಾಗಿಲು ಒಡೆಯಲು ಬಡಗಿಯನ್ನು ಹುಡುಕಿ ತರುವಷ್ಟರಲ್ಲಿ ಆ ಒಂದು ಗಂಟೆ ಸುಲಭವಾಗಿ ಕಳೆಯುತ್ತದೆ.

ಹಗಲು ಸಾಧ್ಯವಾಗದಿದ್ದರೆ ರಾತ್ರಿ ಪ್ರಯತ್ನಿಸಿ. ಎರಡು ಗಂಟೆಗೆ ಎಚ್ಚರವಾದಾಗ ದೀಪ ಹಾಕಬೇಡಿ, ಸೊಸೆಯ ನಿದ್ದೆ ಕೆಡುತ್ತದೆ. ಸೊಳ್ಳೆಪರದೆಯ ಅಂಚಿಗೆ ಒಂದು ಕಾಲು ಸಿಕ್ಕಿಸಿ ಇಳಿಯಿರಿ. ಪಂಚೆಯನ್ನು ಎತ್ತಿ ಕಟ್ಟಬೇಡಿ, ನೆಲ ಗುಡಿಸುತ್ತಿರಲಿ. ಸೀರೆಯವರು ನೆರಿಗೆಯನ್ನು ಹಿಮ್ಮಡಿಯ ಕೆಳಗೆ ಬಿಡಿ. ಮೊಮ್ಮಗನ ಚಾರ್ಜರಿನ ವೈರು ಗೋಡೆಯಿಂದ ದಿವಾನದವರೆಗೆ ಮೊಳಕಾಲಿನ ಕೆಳಗೆ ಬಿಗಿಯಾಗಿ ಎಳೆದಿರುತ್ತದೆ, ಅದನ್ನು ನೆನಪಿಟ್ಟುಕೊಳ್ಳಬೇಡಿ. ಹೊಸ್ತಿಲು ಅರವತ್ತು ವರ್ಷದಿಂದ ಅಲ್ಲೇ ಇದೆ ಎಂಬ ಧೈರ್ಯದಲ್ಲಿ ಕಾಲಿಡಿ. ಕಾಲಿಗೆ ಹವಾಯಿ ಚಪ್ಪಲಿ ಇರಲಿ. ಹಿಮ್ಮಡಿಯ ಕಡೆ ಸವೆದು ಹಪ್ಪಳದಂತಾಗಿರಬೇಕು, ಕಿತ್ತ ಬಾರಿಗೆ ಸೇಫ್ಟಿ ಪಿನ್ನು ಚುಚ್ಚಿರಬೇಕು. ಚಳಿಗಾಲವಾದರೆ ಚಪ್ಪಲಿಯೂ ಬೇಡ, ಟೈಲ್ಸ್ ಮೇಲೆ ಬರೀ ಉಣ್ಣೆಯ ಕಾಲುಚೀಲ ಸಾಕು.

ಮನೆಯ ಹೊರಗೆ ಹೇಳಿಕೊಡುವ ಅಗತ್ಯ ಅಷ್ಟಿಲ್ಲ. ಬೆಂಗಳೂರಿನವರು ಫುಟ್‌ಪಾತಿನ ಮೇಲೆ ನಡೆದರಾಯಿತು. ಅಲುಗಾಡುವ ಚಪ್ಪಡಿ, ಪ್ರತಿ ಗೇಟಿಗೂ ಕಾರಿಗೆಂದು ಕಡಿದ ಇಳಿಜಾರು, ಬೇರು ಎತ್ತಿದ ಕಲ್ಲು, ಇವನ್ನೆಲ್ಲ ಸಾರ್ವಜನಿಕ ಹಣದಿಂದಲೇ ಒದಗಿಸಿದ್ದಾರೆ. ಸಿಟಿ ಬಸ್ಸಿನಲ್ಲಿ ನಿಲ್ದಾಣ ಬರುವ ಮುಂಚೆಯೇ ಸೀಟು ಬಿಟ್ಟು ಎದ್ದು, ಎರಡೂ ಕೈಯಲ್ಲಿ ಚೀಲ ಹಿಡಿದು ಬಾಗಿಲ ಬಳಿ ನಿಲ್ಲಿ. ಮಲೆನಾಡಿನವರು ಜುಲೈ ಬರಲಿ ಎಂದು ಕಾಯಿರಿ. ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ಹಳೆಯ ಪದ್ಧತಿ ನಿಲ್ಲಿಸಿ, ಪಾಚಿ ಉಜ್ಜಬೇಡಿ, ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ತೋಟದ ಸಂಕ ದಾಟಿ.

ಕೋಲಿನ ವಿಚಾರ. ಕೋಲು ಹಿಡಿಯಬೇಡಿ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ತಲೆ ಬೆಳ್ಳಗಾಗಿ, ಹಲ್ಲು ಕಟ್ಟಿಸಿ, ಮೊಮ್ಮಗಳ ಮದುವೆಗೆ ಗಂಡು ನೋಡುತ್ತಿರುವ ನಿಮಗೆ ವಯಸ್ಸಾಗಿರುವುದು ಕೋಲೊಂದರಿಂದ ಬಯಲಾಗಬಾರದು. ಹಿಡಿಯಲೇಬೇಕಾದರೆ ತಾತನ ಕಾಲದ್ದನ್ನು ಹಿಡಿಯಿರಿ, ತುದಿಯ ರಬ್ಬರು ಉದುರಿರಲಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು, ನೋವಿರುವ ಕಾಲಿನ ಎದುರು ಕೈಯಲ್ಲಿರಬೇಕು ಎಂದು ಫಿಸಿಯೊಥೆರಪಿಯವರು ಹೇಳುತ್ತಾರೆ. ನೋವಿರುವ ಕಡೆಗೇ ಹಿಡಿಯಿರಿ, ನೋಡುವವರಿಗೆ ಅದೇ ಸರಿ ಅನ್ನಿಸುತ್ತದೆ. ದಾರಿಯಲ್ಲಿ ಪರಿಚಯದವರು ಕಂಡರೆ ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಎತ್ತಿ ಮುಗಿಯಿರಿ.

ಒಂದು ಪರೀಕ್ಷೆಯ ಬಗ್ಗೆ ಎಚ್ಚರಿಸಿಬಿಡುತ್ತೇನೆ. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರಬೇಕು. ಯಾರಾದರೂ ಗಡಿಯಾರ ನೋಡುತ್ತಿರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಕಾಸಿಲ್ಲದೆ, ಡಾಕ್ಟರಿಲ್ಲದೆ, ನಡುಮನೆಯಲ್ಲೇ ಮಾಡಬಹುದಾದ್ದರಿಂದ ಇದು ಬಹಳ ಕೆಟ್ಟದ್ದು. ಮಾಡಬೇಡಿ.

ಸರಿ, ಬಿದ್ದಿರಿ. ಅಭಿನಂದನೆ. ಆದರೆ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ, ಬಿದ್ದ ಮೇಲಿನ ಹೊತ್ತನ್ನು ಜಾಣತನದಿಂದ ಬಳಸಿ. ಮೊದಲು ಸುತ್ತ ನೋಡಿ. ಯಾರೂ ಕಾಣದಿದ್ದರೆ ಮೆಲ್ಲಗೆ ಎದ್ದು, ಸೀರೆ ಕೊಡವಿ, ಏನೂ ಆಗದವರಂತೆ ಸಾರಿಗೆ ಒಗ್ಗರಣೆ ಹಾಕಿ. ತೋಳಿನ ನೀಲಿ ಕಲೆಗೆ ಸೆರಗು ಇದೆ. ಮಗಳು ಫೋನಿನಲ್ಲಿ ‘ಯಾಕಮ್ಮ ಧ್ವನಿ ಒಂಥರಾ ಇದೆ?’ ಎಂದರೆ ‘ಏನಿಲ್ಲ ಕಣೇ, ಸ್ವಲ್ಪ ಶೀತ’ ಎನ್ನಿ. ಬಿದ್ದದ್ದು ಯಾರಿಗೂ ಗೊತ್ತಾಗದಿದ್ದರೆ ಯಾಕೆ ಬಿದ್ದಿರಿ ಎಂದು ಯಾರೂ ಹುಡುಕುವುದಿಲ್ಲ, ಯಾರೂ ಹುಡುಕದಿದ್ದರೆ ಕಾರಣ ಅಲ್ಲೇ ಕ್ಷೇಮವಾಗಿ ಉಳಿದಿರುತ್ತದೆ. ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಉಪಯುಕ್ತ ಸೂಚನೆ ಇಲ್ಲ. ಟೈಲ್ಸು, ಮಾತ್ರೆ, ಚಪ್ಪಲಿ ಎಲ್ಲ ಸೇರಿ ಮಾಡುವ ಕೆಲಸಕ್ಕಿಂತ ಹೆಚ್ಚಿನದನ್ನು ಆ ‘ಏನಿಲ್ಲ ಕಣೇ’ ಒಂದೇ ಮಾಡಿಮುಗಿಸುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಬಿದ್ದರೂ ಸುಮ್ಮನಿರಿ. ತಲೆಯೊಳಗೆ ಹನಿಹನಿಯಾಗಿ ರಕ್ತ ಸೇರಿ, ಎರಡು ಮೂರು ವಾರ ಕಳೆದ ಮೇಲೆ ತಲೆನೋವು, ಮಂಕು ಬರಬಹುದು. ಅಷ್ಟರಲ್ಲಿ ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ, ಮೊಬೈಲು ನೋಡಿ ನೋಡಿ ಹೀಗಾಯಿತು ಎಂದರೆ ನಂಬುತ್ತಾರೆ.

ಅಕಸ್ಮಾತ್ ಮನೆಯವರು ನೋಡಿಬಿಟ್ಟರೆ ಮುಂದಿನ ಸೂಚನೆ ಅವರಿಗೆ. ಓಡಿ ಬಂದು, ಎಲ್ಲಿ ನೋವು ಎಂದು ಕೇಳದೆ, ಇಬ್ಬರು ಎರಡು ಕಂಕುಳಿಗೆ ಕೈಹಾಕಿ ಒಂದೇ ಏಟಿಗೆ ಎತ್ತಿ ನಿಲ್ಲಿಸಿ. ಒಂದು ಕಾಲು ಹೊರಕ್ಕೆ ತಿರುಗಿ, ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡರೆ ಸೊಂಟದ ಕೀಲಿನ ಬಳಿ ಮೂಳೆ ಮುರಿದಿರುವ ಲಕ್ಷಣ. ಆಗಲೂ ನಡೆಸಿ ನೋಡಿ. ನೀಲಗಿರಿ ಎಣ್ಣೆ ಹಚ್ಚಿ ತಿಕ್ಕಿ. ಹೀಗೆ ಮುರಿದ ಮೂಳೆಗೆ 48 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದೆಂದು ಮೂಳೆ ಡಾಕ್ಟರು ಹೇಳುವುದರಿಂದ ಆ 48 ಗಂಟೆಯನ್ನು ನಾಟಿ ಕಟ್ಟಿಗೆ, ಒಳ್ಳೆಯ ದಿನ ನೋಡುವುದಕ್ಕೆ, ದೊಡ್ಡ ಮಗನ ಒಪ್ಪಿಗೆ ಪಡೆಯುವುದಕ್ಕೆ ಹಂಚಿ. 108ಕ್ಕೆ ಫೋನು ಮಾಡುವ ಮುನ್ನ ನೆಂಟರಿಗೆಲ್ಲ ಮಾಡಿ ಮುಗಿಸಿ. ನೆಂಟರು ಬಂದು ಹಾಸಿಗೆಯ ಸುತ್ತ ನಿಂತು ಕಾರಣ ಹೇಳಲಿ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ ಬಿದ್ದ, ಅರ್ಜುನ ಬಿದ್ದ, ಕೊನೆಗೆ ಭೀಮನೂ ಬಿದ್ದ. ಧರ್ಮರಾಯ ಒಬ್ಬರನ್ನೂ ತಿರುಗಿ ನೋಡಲಿಲ್ಲ, ಒಬ್ಬೊಬ್ಬರು ಬಿದ್ದದ್ದಕ್ಕೂ ಅವರವರದೇ ಒಂದು ತಪ್ಪನ್ನು ಎತ್ತಿ ಹೇಳುತ್ತ ಮುಂದೆ ನಡೆದ. ನಮ್ಮ ಮನೆಗಳಲ್ಲಿ ಆ ಪರಂಪರೆ ಚೆನ್ನಾಗಿ ಉಳಿದಿದೆ. ‘ನಾನು ಆವತ್ತೇ ಬಡ್ಕೊಂಡೆ, ಕೇಳಲಿಲ್ಲ’ ಎಂದು ಹೇಳಿ ಕಾಫಿ ಕುಡಿದು ಹೊರಡಿ.

ದೂರದ ಊರಿನಲ್ಲಿರುವ ಮಕ್ಕಳು ಬೇಸರಪಡಬೇಡಿ, ನಿಮಗೂ ಪಾಲಿದೆ. ಊರಿಗೆ ಬಂದಾಗ ಬಚ್ಚಲು ನೋಡಬೇಡಿ, ಹೊಸ ಟೀವಿ ಕೊಡಿಸಿ. ಮಾತ್ರೆಯ ಕವರು ಬಿಚ್ಚಬೇಡಿ. ಅಮೆರಿಕದಿಂದ ಕಾಲು ಒತ್ತುವ ಯಂತ್ರ ತನ್ನಿ, ರಾತ್ರಿ ದೀಪ ಮಾತ್ರ ತರಬೇಡಿ. ‘ಅಪ್ಪ, ಈಚೆಗೆ ಎಲ್ಲಾದರೂ ಬಿದ್ದಿದ್ರಾ?’ ಎಂಬ ಪ್ರಶ್ನೆಯನ್ನು ವಿಡಿಯೊ ಕಾಲಿನಲ್ಲಿ ಎಂದೂ ಕೇಳಬೇಡಿ, ಊಟ ಆಯ್ತಾ ಎಂದು ಕೇಳಿದರೆ ಸಾಕು. ಹಿರಿಯರ ಸಹಾಯವಾಣಿ 14567 ಎಂಬುದನ್ನು ಅವರ ಫೋನಿನಲ್ಲಿ ಹಾಕಿಕೊಡಬೇಡಿ.

ಆಪರೇಷನ್ ಮುಗಿದು ವಾಕರ್ ಹಿಡಿದು ಮನೆಗೆ ಬಂದಿರಾ? ಮೊದಲು ಕಾಲೊರಸು ಹಳೆಯ ಜಾಗದಲ್ಲೇ ಇದೆಯೇ ನೋಡಿಕೊಳ್ಳಿ. ಮನೆಯವರು ತಿಳಿಯದೆ ಎತ್ತಿಟ್ಟಿದ್ದರೆ ಮತ್ತೆ ಹಾಕಿಸಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಎರಡು ಪಟ್ಟು. ಆದ್ದರಿಂದ ಈ ಪುಟವನ್ನು ರದ್ದಿಗೆ ಹಾಕದೆ ಕತ್ತರಿಸಿ ಇಟ್ಟುಕೊಳ್ಳಿ. ಅಟ್ಟದ ಹಿಂದಿನ ಮೂಲೆಯಲ್ಲಿ, ಹಿತ್ತಾಳೆ ಪಾತ್ರೆಗಳ ಹಿಂದೆ ಇಡಿ. ಬೇಕೆನಿಸಿದಾಗ ಸ್ಟೂಲು ಹತ್ತಿ ತೆಗೆದುಕೊಳ್ಳಿ, ಯಾರನ್ನೂ ಕರೆಯಬೇಡಿ.